ಪದಚರ್ಚೆ: ಕಣ್ಗಾವಲು, ಕದ್ದಾಲಿಕೆ – ಕೋರ್ಟಿನ ಮಾತಿಗೆ ಯಾವುದು ಒಪ್ಪುತ್ತದೆ?

ಬಳಗದ ಎಲ್ಲರಿಗೂ ನಮಸ್ಕಾರ.

ಚಿತ್ರದುರ್ಗದಲ್ಲಿ ಕಾನೂನು ಓದುವ ಮಕ್ಕಳಿಗೆಂದು ನಾವು ಕೆಲವರು ಸೇರಿ ಒಂದು ಕಿರುಹೊತ್ತಿಗೆ ಬರೆಯುತ್ತಿದ್ದೇವೆ. ಸರ್ಕಾರ ಜನರ ಮೇಲೆ ಕಣ್ಣಿಟ್ಟದ್ದನ್ನು ಕೋರ್ಟಿನಲ್ಲಿ ಪ್ರಶ್ನಿಸಿದ ಮುಖ್ಯ ಮೊಕದ್ದಮೆಗಳ ಸಾರ ಅದರಲ್ಲಿದೆ. ‘ಸರ್ವೆಲೆನ್ಸ್’ ಎಂಬುದಕ್ಕೆ ಕರಡಿನಲ್ಲಿ ಒಂದು ಪುಟದಲ್ಲಿ ನಿಗಾ, ಇನ್ನೊಂದರಲ್ಲಿ ಕಣ್ಗಾವಲು, ಮುಂದೆ ಬೇಹುಗಾರಿಕೆ ಎಂದಾಗಿದೆ. ತಿದ್ದಲು ಕೂತರೆ ನಮ್ಮಲ್ಲೇ ಒಮ್ಮತವಿಲ್ಲ.

‘ನಿಗಾ’ ಬಿಟ್ಟೆವು. ಅದು ಆಸ್ಪತ್ರೆಯ ತೀವ್ರ ನಿಗಾ ಘಟಕದ ಪದ, “ಮಗೀನ ಕಡೆ ನಿಗಾ ಇರ್ಲವ್ವ” ಎನ್ನುವ ಅಕ್ಕರೆಯ ಪದ. ‘ಬೇಹುಗಾರಿಕೆ’ ಹಗೆಯ ನಾಡಿನ ಮೇಲೆ ನಡೆಸುವಂಥದ್ದು; ಸ್ವಂತ ಪ್ರಜೆಯ ಮೇಲೆ ಎಂದಾಗ ಅದು ಆರೋಪವೇ ಆಗುತ್ತದೆ, ತೀರ್ಪಿನ ಭಾಷೆಯಾಗುವುದಿಲ್ಲ.

ಪತ್ರಿಕೆಗಳಲ್ಲಿ ನಿಂತಿರುವುದು ‘ಕಣ್ಗಾವಲು’. ಆದೇಶ ಸಂಧಿ, ಹುಲ್ಲುಗಾವಲಿನ ಹಾಗೆಯೇ. ಆದರೆ ದುರ್ಗದವರಿಗೆ ‘ಕಾವಲು’ ಬರಿಯ ಪದವಲ್ಲ. ಕೋಟೆಗೆ ಕಾವಲಿತ್ತು, ಓಬವ್ವನ ಗಂಡ ಕಾವಲಿನವನೇ. ಚಳ್ಳಕೆರೆ ಸೀಮೆಯಲ್ಲಿ ಕಾವಲು ಎಂದರೆ ಅಮೃತಮಹಲ್ ದನಗಳಿಗೆ ಮೀಸಲಿಟ್ಟ ಮೇವಿನ ಬಯಲು: ಉಳ್ಳಾರ್ತಿ ಕಾವಲು, ವರವು ಕಾವಲು. ಎರಡರಲ್ಲೂ ಒಂದೇ ಅರ್ಥ ಇದೆ: ಇರುವುದನ್ನು ಇದ್ದವರಿಗಾಗಿ ಕಾಯುವುದು. ಕಾಯುವವನು ಎಲ್ಲರಿಗೂ ಕಾಣುವಂತೆ ನಿಂತಿರುತ್ತಾನೆ. ಫೋನಿನೊಳಗೆ ಹೊಕ್ಕು ಕೂತವನಿಗೆ ಈ ಪದ ಕೊಟ್ಟರೆ ವಾದ ಶುರುವಾಗುವ ಮೊದಲೇ ಸರ್ಕಾರದ ಕಡೆ ತಕ್ಕಡಿ ವಾಲಿತು ಎಂಬುದು ನನ್ನ ಆತಂಕ. (ಅದೇ ಕಾವಲುಗಳ ಸಾವಿರಾರು ಎಕರೆ ರಕ್ಷಣಾ ಸಂಶೋಧನೆ ಮತ್ತಿತರ ಸಂಸ್ಥೆಗಳಿಗೆ ಹೋಗಿ, ಬೇಲಿ ಗೋಡೆ ಎದ್ದು, ಕುರಿಗಾಹಿಗಳು ಹೊರಗುಳಿದರು. ಅಲ್ಲಿ ಈಗ ಹಾರಿಸಿ ನೋಡುವುದು ಆಕಾಶದಿಂದ ಕಣ್ಣಿಡುವ ಡ್ರೋನುಗಳನ್ನು. ಆ ನೆಲ ಕೈತಪ್ಪಿದವರು ‘ಕಾವಲು’ ಎಂಬ ಮಾತನ್ನು ಹೇಗೆ ಕೇಳಿಸಿಕೊಳ್ಳುತ್ತಾರೋ, ಅದೂ ನನಗೆ ಮುಖ್ಯ.)

ಮೊಕದ್ದಮೆಗಳಲ್ಲಿ ಹಳೆಯದು ಖಡಕ್ ಸಿಂಗ್ ಪ್ರಕರಣ, ಉತ್ತರ ಪ್ರದೇಶದ್ದು. ಪೊಲೀಸರ ಪಟ್ಟಿಯಲ್ಲಿದ್ದವನ ಮನೆ ಬಾಗಿಲನ್ನು ರಾತ್ರಿ ಬಡಿದು ಎಬ್ಬಿಸುವ ನಿಯಮವನ್ನು ಸುಪ್ರೀಂ ಕೋರ್ಟ್ 1962ರಲ್ಲಿ ಹೊಡೆದುಹಾಕಿತು. ಆದರೆ ಖಾಸಗಿತನ ಮೂಲಭೂತ ಹಕ್ಕಲ್ಲ ಎಂದೂ ಬಹುಮತ ಹೇಳಿತು. ಆ ಮಾತು ಪೂರ್ತಿ ಅಳಿಸಿದ್ದು 2017ರ ಆಗಸ್ಟ್ 24ರಂದು, ಒಂಬತ್ತು ನ್ಯಾಯಮೂರ್ತಿಗಳ ಪೀಠದಿಂದ. ಅರ್ಜಿದಾರರು ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ‘ಖಾಸಗಿತನ’ ಪದಕ್ಕೆ ಯಾರದೂ ತಕರಾರಿಲ್ಲ.

ಜಗಳ ಇರುವುದು ‘ಕದ್ದಾಲಿಕೆ’ಯಲ್ಲಿ. 1988ರಲ್ಲಿ ರಾಮಕೃಷ್ಣ ಹೆಗಡೆಯವರು ಮುಖ್ಯಮಂತ್ರಿ ಸ್ಥಾನ ಬಿಟ್ಟದ್ದು ಇದೇ ಆರೋಪದ ಮೇಲೆ. ಹಾಗಾಗಿ ಪದ ಎಲ್ಲರಿಗೂ ಗೊತ್ತು. ಆದರೆ ನಮ್ಮ ಹಿರಿಯ ವಕೀಲರೊಬ್ಬರು ಕೇಳುವುದು ಹೀಗೆ: “ಗೃಹ ಕಾರ್ಯದರ್ಶಿ ಸಹಿ ಹಾಕಿ, ಕಾಯ್ದೆಯ ಪ್ರಕಾರ ಕೇಳಿಸಿಕೊಂಡರೆ ಅದು ಕಳವು ಹೇಗಾಗ್ತದೆ ಸ್ವಾಮಿ?” ಪಿಯುಸಿಎಲ್ ಎಂಬ ನಾಗರಿಕ ಹಕ್ಕುಗಳ ಸಂಘಟನೆ ಹೂಡಿದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟಿನ 1996ರ ತೀರ್ಪು ಆ ಸಹಿಯನ್ನು ಕಡ್ಡಾಯ ಮಾಡಿತು, ಆದೇಶಕ್ಕೆ ಅವಧಿ ಕಟ್ಟಿತು. ಆದ್ದರಿಂದ ಕಾಯ್ದೆಬದ್ಧವಾದದ್ದಕ್ಕೆ ಬರೀ ‘ಆಲಿಕೆ’, ಕಾಯ್ದೆ ಮೀರಿದ್ದಕ್ಕೆ ಮಾತ್ರ ‘ಕದ್ದಾಲಿಕೆ’ ಎಂಬುದು ಅವರ ಸಲಹೆ.

ನಾನು ಒಪ್ಪಿಲ್ಲ. ಕನ್ನಡದಲ್ಲಿ ‘ಕದ್ದು’ ಎಂದರೆ ಕಳವು ಮಾತ್ರವಲ್ಲ, ಮರೆಯಲ್ಲಿ ಎಂದೂ ಹೌದು: ಕದ್ದು ನೋಡುವುದು, ಕದ್ದುಮುಚ್ಚಿ ಮಾಡುವುದು. ಸಹಿ ಇದ್ದ ಮಾತ್ರಕ್ಕೆ ಆ ಮರೆ ಹೋಗುವುದಿಲ್ಲ. ಯಾರ ಮಾತು ಕೇಳಿಸಿಕೊಂಡರೋ ಅವರಿಗೆ ಆಮೇಲೂ ತಿಳಿಸಬೇಕೆಂಬ ನಿಯಮ ನಮ್ಮಲ್ಲಿಲ್ಲ. ಆದೇಶ ಹೊರಡಿಸುವವರು ಅಧಿಕಾರಿಗಳು, ಅದನ್ನು ಮರುಪರಿಶೀಲಿಸುವ ಸಮಿತಿಯಲ್ಲಿರುವವರೂ ಕಾರ್ಯದರ್ಶಿ ಮಟ್ಟದ ಅಧಿಕಾರಿಗಳೇ; ನ್ಯಾಯಾಧೀಶರೊಬ್ಬರೂ ಇಲ್ಲ. ಗೊತ್ತೇ ಆಗದ್ದನ್ನು ಕೋರ್ಟಿನಲ್ಲಿ ಪ್ರಶ್ನಿಸುವುದಾದರೂ ಹೇಗೆ? ಫೋನಿನೊಳಗೆ ನುಸುಳಿ ಎಲ್ಲವನ್ನೂ ನೋಡುವ ಪೆಗಾಸಸ್ ತಂತ್ರಾಂಶದ ವಿಷಯದಲ್ಲಿ ಸುಪ್ರೀಂ ಕೋರ್ಟ್ ನೇಮಿಸಿದ, ನಿವೃತ್ತ ನ್ಯಾಯಮೂರ್ತಿ ಆರ್.ವಿ. ರವೀಂದ್ರನ್ ಉಸ್ತುವಾರಿಯ ಸಮಿತಿ 29 ಫೋನುಗಳನ್ನು ನೋಡಿತು. ಐದರಲ್ಲಿ ಕುತಂತ್ರಾಂಶ ಸಿಕ್ಕಿತು, ಅದು ಪೆಗಾಸಸ್ಸೇ ಎಂದು ಖಚಿತವಾಗಲಿಲ್ಲ. ಕೇಂದ್ರ ಸರ್ಕಾರ ಸಹಕರಿಸಲಿಲ್ಲವೆಂದು ಸಮಿತಿ ಹೇಳಿದ್ದನ್ನು 2022ರ ಆಗಸ್ಟಿನಲ್ಲಿ ಕೋರ್ಟೇ ತಿಳಿಸಿತು. ಇಷ್ಟಾದ ಮೇಲೆ ‘ಕದ್ದು’ ಎಂಬುದನ್ನು ಪದದಿಂದ ತೆಗೆದರೆ ಇಡೀ ತಕರಾರನ್ನೇ ತೆಗೆದ ಹಾಗೆ.

ಜನರ ಅಪನಂಬಿಕೆಗೂ ಒಂದು ಪದ ಬೇಕು. ‘ಅವಿಶ್ವಾಸ’ ಗೊತ್ತುವಳಿಗೆ ಅಂಟಿಕೊಂಡಿದೆ. ನನಗೆ ‘ಗುಮಾನಿ’ ಇಷ್ಟ. ಠಾಣೆಯವರು ಜನರ ಬಗ್ಗೆ ಆಡುವ ಮಾತು ಅದು. “ಮಾಮೂಲಿ ಕಾಲ್ ಬೇಡ ಕಣಣ್ಣ, ವಾಟ್ಸಾಪಲ್ಲಿ ಮಾಡು” ಎಂದು ದಾವಣಗೆರೆಯ ಮಂಡಿಯಲ್ಲಿ ಒಬ್ಬ ಹೇಳುತ್ತಾನೆಂದರೆ, ಅವನಿಗೆ ಸರ್ಕಾರದ ಮೇಲಿರುವುದೂ ಗುಮಾನಿಯೇ.

ಈಗ ನಿಮ್ಮನ್ನು ಕೇಳುವುದು ಎರಡು. ಕಾಯ್ದೆಬದ್ಧವಾದದ್ದಕ್ಕೂ ‘ಕದ್ದಾಲಿಕೆ’ ಎಂದರೆ ನಿಮ್ಮ ಕಿವಿಗೆ ತಪ್ಪೆನಿಸುತ್ತದೆಯೇ? ಇನ್ನು, ‘ಕಣ್ಗಾವಲು’ ಬೇಡವೆಂದರೆ ಬದಲಿಗೆ ಏನು? ‘ಹೊಂಚು’ ತೀರ ಬೇಟೆಯ ಮಾತಾಯಿತು. ಹರಿಹರ ದಾಟಿದರೆ, ರಾಣೆಬೆನ್ನೂರು, ಧಾರವಾಡದ ಕಡೆ ಹಿರಿಯರು ‘ಪಾಳತಿ ಇಡು’ ಎನ್ನುವುದನ್ನು ಕೇಳಿದ್ದೇನೆ. ಅದರಲ್ಲಿ ಕಾಯುವ ಅರ್ಥ ಇದೆಯೇ, ಇಲ್ಲ ಬರೀ ಬೆನ್ನುಹತ್ತಿ ನೋಡುವ ಅರ್ಥವೇ? ಆ ಕಡೆಯವರು ಬಳಕೆಯ ವಾಕ್ಯದೊಂದಿಗೆ ತಿಳಿಸಿದರೆ ಉಪಕಾರವಾಗುತ್ತದೆ.