ಎಂಜಿಬಿ ರೋಡ್‌ಸ್ಟರ್: ಸಿಲ್ ಮೊದಲೋ, ಎಂಜಿನ್ ಮೊದಲೋ?

ಗ್ಯಾರೇಜುವಾಸಿ (ಕೊವೆಂಟ್ರಿ):

ಎಲ್ಲರಿಗೂ ನಮಸ್ಕಾರ. ಬಹಳ ದಿನಗಳ ಆಸೆಯೊಂದನ್ನು ತೀರಿಸಿಕೊಳ್ಳಲು ಕಳೆದ ಚಳಿಗಾಲದಲ್ಲಿ 1966ರ ಎಂಜಿಬಿ ರೋಡ್‌ಸ್ಟರ್ (ಮೇಲೆ ಸೂರಿಲ್ಲದ ಬ್ರಿಟಿಷ್ ಸ್ಪೋರ್ಟ್ಸ್ ಕಾರು) ಒಂದನ್ನು ಕೊಂಡಿದ್ದೇನೆ. ಹಿಂದಿನ ಮಾಲೀಕರು ಅದನ್ನು ಹನ್ನೊಂದು ವರ್ಷ ಓಡಿಸದೆ ನಿಲ್ಲಿಸಿದ್ದರು. ಎಂಜಿನ್ ಜಾಮ್ ಆಗಿಲ್ಲ, ಪ್ಲಗ್‌ಗಳನ್ನು ತೆಗೆದು ಕೈಯಿಂದ ತಿರುಗಿಸಿದರೆ ಸರಾಗವಾಗಿ ತಿರುಗುತ್ತದೆ; ಚಾಲೂ ಮಾಡುವ ಸಾಹಸಕ್ಕೆ ಇನ್ನೂ ಕೈ ಹಾಕಿಲ್ಲ.

ಹೊರನೋಟಕ್ಕೆ ಕಾರು ಚೆನ್ನಾಗಿಯೇ ಇದೆ. ಆದರೆ ಎಡಬಾಗಿಲ ಕೆಳಗೆ ಉದ್ದಕ್ಕೂ ಹಾಯುವ ತಗಡಿನ ಪಟ್ಟಿಯನ್ನು, ಅಂದರೆ ಸಿಲ್ ಅನ್ನು, ತಿರುಪುಳಿಯ ಹಿಡಿಯಿಂದ ತಟ್ಟುತ್ತ ಹೋದರೆ ಮುಂದಿನ ಭಾಗದಲ್ಲಿ ‘ಟಣ್’ ಎನ್ನುವ ಸದ್ದು ಹಿಂದಿನ ಚಕ್ರದ ಹತ್ತಿರ ಬರುವಷ್ಟರಲ್ಲಿ ಒದ್ದೆ ರಟ್ಟನ್ನು ತಟ್ಟಿದಂತೆ ‘ದಪ್’ ಆಗಿಬಿಡುತ್ತದೆ. ಆ ಬದಿಯ ಬಾಗಿಲನ್ನು ಮುಚ್ಚುವಾಗ ತುಸು ಮೇಲಕ್ಕೆತ್ತಿ ಹಿಡಿಯಬೇಕು. ಮಾರುವ ಮೊದಲು ಎರಡೂ ಕಡೆ ಹೊಸ ಸಿಲ್ ಹಾಕಿಸಿದ್ದಾಗಿ ಹೇಳಿ ರಸೀದಿಯನ್ನೂ ತೋರಿಸಿದ್ದರು.

ನನ್ನ ಗ್ಯಾರೇಜು ಎಂಟು ಅಡಿ ಅಗಲ, ಹದಿನಾರು ಅಡಿ ಉದ್ದ. ಕಾರಿನ ಅಗಲ ಐದು ಅಡಿ, ಉದ್ದ ಹನ್ನೆರಡೂ ಮುಕ್ಕಾಲು ಅಡಿ. ಹೀಗಾಗಿ ಕಾರನ್ನು ಮಗ್ಗುಲಾಗಿಸುವ ಚೌಕಟ್ಟನ್ನು ತರುವ ಮಾತೇ ಇಲ್ಲ. ಸಂಜೆಯ ತರಗತಿಯಲ್ಲಿ ಮಿಗ್ ವೆಲ್ಡಿಂಗ್ ಕಲಿತಿದ್ದೇನೆ. ತೆಳು ತಗಡನ್ನು ತೂತು ಮಾಡದೆ ಕೂಡಿಸುವಷ್ಟು ಕೈ ಪಳಗಿದೆ. ಈ ವರ್ಷ ಎಂಜಿನ್ ಮತ್ತು ಗೇರ್‌ಬಾಕ್ಸ್‌ಗಳನ್ನು ಇಳಿಸಿ ಪೂರ್ತಿ ರಿಪೇರಿ ಮಾಡಿ, ಮುಂದಿನ ವರ್ಷ ಬಾಡಿ ಕೆಲಸ ಹಿಡಿಯಬೇಕೆಂಬುದು ನನ್ನ ಯೋಜನೆ. ಈ ಅನುಕ್ರಮ ಸರಿಯೇ? ಹೊರಗಿನ ಸಿಲ್ ಒಂದನ್ನೇ ಬದಲಾಯಿಸಿದರೆ ಸಾಕೇ? ಅನುಭವವಿದ್ದವರು ತಿಳಿಸಬೇಕಾಗಿ ವಿನಂತಿ.

ಹಳೇಪಾನಾ (ಆಕ್ಸ್‌ಫರ್ಡ್‌ಶೈರ್):

ನಮಸ್ಕಾರ. ಈ ಕಾರು ತಯಾರಾದ ಅಬಿಂಗ್ಡನ್‌ನಿಂದ ಕೂಗಳತೆಯ ದೂರದಲ್ಲಿದ್ದೇನೆ. ಇದುವರೆಗೆ ಎರಡು ಎಂಜಿಬಿಗಳನ್ನು ಮನೆಯಲ್ಲೇ ಕಟ್ಟಿ ಮುಗಿಸಿದ್ದೇನೆ. ನಿಮ್ಮ ಅನುಕ್ರಮವನ್ನು ತಿರುಗಿಸಿ ಎಂಬುದೇ ನನ್ನ ಮೊದಲ ಸಲಹೆ.

ಎಂಜಿಬಿಗೆ ಬೇರೆಯಾದ ಚಾಸಿ ಇಲ್ಲ, ಬಾಡಿಯೇ ಚಾಸಿ. ಮೇಲೆ ಸೂರಿಲ್ಲದ ರೋಡ್‌ಸ್ಟರ್‌ನಲ್ಲಿ ಮುಂಭಾಗವನ್ನೂ ಹಿಂಭಾಗವನ್ನೂ ಬಾಗದಂತೆ ಹಿಡಿದಿಡುವ ಹೊಣೆ ಬಹುಪಾಲು ಆ ಎರಡು ಸಿಲ್‌ಗಳ ಮೇಲೆಯೇ ಬೀಳುತ್ತದೆ. ನಾವು ‘ಸಿಲ್’ ಎನ್ನುವುದು ಒಂದೇ ತಗಡಲ್ಲ: ಹೊರಗೆ ಕಾಣುವ ಸಿಲ್, ನೆಲದ ಅಂಚಿಗೆ ಸೇರಿದ ಒಳಸಿಲ್, ಇವೆರಡರ ನಡುವೆ ನೆಟ್ಟಗೆ ನಿಂತ ಮೆಂಬ್ರೇನ್ ತಗಡು, ಅಡಿಯಲ್ಲಿ ಕ್ಯಾಸಲ್ ರೈಲ್ ಎಂದು ಕರೆಯುವ ಮಡಚಿದ ಪಟ್ಟಿ, ಇಷ್ಟೂ ಸೇರಿ ಒಂದು ಪೆಟ್ಟಿಗೆಯಾಗುತ್ತದೆ. ಒಳಗಿನವು ಕೊಳೆತಿರುವಾಗ ಹೊರಗಿನದನ್ನು ಮಾತ್ರ ಬದಲಾಯಿಸುವುದು ಗೆದ್ದಲು ಹಿಡಿದ ತೊಲೆಗೆ ಬಣ್ಣ ಬಳಿದಂತೆ. ನಿಮಗೆ ತೋರಿಸಿದ ರಸೀದಿ ಸುಳ್ಳಾಗಿರಲಿಕ್ಕಿಲ್ಲ. ಹಳೆಯ ಸಿಲ್‌ನ ಮೇಲೆಯೇ ಹೊಸ ತಗಡನ್ನು ಮುಚ್ಚಿ ಬೆಸುಗೆ ಹಾಕಿದವರಿಗೂ ರಸೀದಿ ಬರೆಯಲು ಬರುತ್ತದೆ.

ಮೊದಲು ಬಾಗಿಲನ್ನು ಪರೀಕ್ಷಿಸಿ. ಬಾಗಿಲನ್ನು ಅರ್ಧ ತೆರೆದು ಹಿಂದಿನ ತುದಿಯನ್ನು ಕೈಯಿಂದ ಎತ್ತಿದಾಗ ಲಟಲಟ ಅಲುಗಿದರೆ ಸವೆದಿರುವುದು ಹಿಂಜು, ಅದು ಸಣ್ಣ ಕೆಲಸ. ಅಲುಗಾಟವಿಲ್ಲದಿದ್ದರೆ ಬಾಗಿಲು ಮುಚ್ಚಿ ಅದರ ಹಿಂದಿನ ಅಂಚಿನ ಸಂದಿಯನ್ನು ನೋಡಿ. ಮೇಲೆ ಕಿರಿದಾಗಿ, ಕೆಳಗೆ ಬರುತ್ತ ಅಗಲವಾಗಿದ್ದರೆ ಕಾರು ನಡುವಿನಲ್ಲಿ ಕುಸಿದಿದೆ ಎಂದೇ ಅರ್ಥ. ಜಾಕಿ ಕೊಟ್ಟು ಎತ್ತುವಾಗ ಆ ಸಂದಿಯಲ್ಲಿ ಒಂದು ರಟ್ಟಿನ ಚೂರನ್ನಿಟ್ಟು ನೋಡಿ. ಅದು ಬಿಗಿಯಾಯಿತೆಂದರೆ ಬೇರೆ ಪುರಾವೆ ಬೇಕಿಲ್ಲ.

ಎಂಜಿನ್ ಕಾಯಬಲ್ಲದು, ಸಿಲ್ ಕಾಯಲಾರದು. ಎಷ್ಟೋ ಜನ ಮೊದಲ ವರ್ಷವೇ ಎಂಜಿನ್‌ಗೆ ಹಣ ಸುರಿದು, ಎರಡನೆಯ ವರ್ಷ ಬಾಡಿಯನ್ನು ಕೆರೆದಾಗ ಒಳಗೇನೂ ಉಳಿದಿಲ್ಲವೆಂದು ತಿಳಿದು, ಕೈಚೆಲ್ಲಿ ಮಾರಿದ್ದನ್ನು ಕಂಡಿದ್ದೇನೆ. ನಿಮ್ಮದೂ ಅಷ್ಟು ಕೆಟ್ಟಿದ್ದರೆ ಬ್ರಿಟಿಷ್ ಮೋಟಾರ್ ಹೆರಿಟೇಜ್‌ನವರು 1988ರಿಂದ ಹಳೆಯ ಅಚ್ಚುಗಳನ್ನೇ ಬಳಸಿ ಹೊಸ ಬಾಡಿ ತಯಾರಿಸುತ್ತಿದ್ದಾರೆ. ಆದರೆ ಅದರ ಬೆಲೆ ಕೇಳುವ ಮೊದಲು ಕುಳಿತುಕೊಳ್ಳುವುದು ಒಳ್ಳೆಯದು.

ಹೆರಾಲ್ಡ್‌ಪ್ರಿಯ (ಬೆಂಗಳೂರು):

ನಾನು ಎಂಜಿಬಿ ಮುಟ್ಟಿದವನಲ್ಲ. ಮದ್ರಾಸಿನಲ್ಲಿ 1961ರಿಂದ ತಯಾರಾದ ಸ್ಟ್ಯಾಂಡರ್ಡ್ ಹೆರಾಲ್ಡ್ ನನ್ನದು, ಅಂದರೆ ಬ್ರಿಟನ್ನಿನ ಟ್ರಯಂಫ್ ಹೆರಾಲ್ಡ್. ಅದಕ್ಕೆ ಬೇರೆಯದೇ ಚಾಸಿ ಇರುವುದರಿಂದ ಬಾಡಿಯನ್ನು ಬಿಡಿಸಿ ಪಕ್ಕಕ್ಕಿಟ್ಟು ನಿಶ್ಚಿಂತೆಯಿಂದ ಟಿಂಕರಿಂಗ್ ಮಾಡಬಹುದಿತ್ತು. ಹಳೇಪಾನಾ ಅವರು ಹೇಳಿದ್ದನ್ನು ಓದಿದ ಮೇಲೆ ನನ್ನ ಅನುಭವವನ್ನು ನಿಮ್ಮ ಕಾರಿಗೆ ಅನ್ವಯಿಸಬಾರದೆಂದು ತೋರುತ್ತಿದೆ.

ಎರಡೇ ಮಾತು ಹೇಳುತ್ತೇನೆ. ಬೋಲ್ಟುಗಳೆಲ್ಲ ಇಂಚಿನ ಅಳತೆಯವು. ಹದಿಮೂರು ಮಿಲಿಮೀಟರ್ ಪಾನಾ ಅರ್ಧ ಇಂಚಿನ ನಟ್ಟಿಗೆ ‘ಹೆಚ್ಚೂಕಡಿಮೆ’ ಕೂರುತ್ತದೆ, ಆ ಹೆಚ್ಚೂಕಡಿಮೆಯಲ್ಲಿಯೇ ನಟ್ಟಿನ ಮೂಲೆಗಳು ಸವೆದು ಹೋಗುತ್ತವೆ. ಇನ್ನೊಂದು, ಬಿಡಿಸಿದ ಭಾಗಗಳ ಚೀಟಿಗಳನ್ನು ಪೆನ್ನಿನಲ್ಲಿ ಬರೆಯಬೇಡಿ. ನಾನು ಹಾಗೆ ಬರೆದಿದ್ದ ಅರವತ್ತಕ್ಕೂ ಹೆಚ್ಚು ಚೀಟಿಗಳಲ್ಲಿ ಆರು ತಿಂಗಳ ನಂತರ ಉಳಿದದ್ದು ಎಣ್ಣೆಯ ಕಲೆ ಮಾತ್ರ. ಪೆನ್ಸಿಲ್ಲಿನಲ್ಲಿ ಬರೆಯಿರಿ, ಬಿಡಿಸುವ ಮೊದಲು ಫೋಟೊ ತೆಗೆಯಿರಿ.

ತಂತಿಜಾಲ (ಲೆಸ್ಟರ್):

ಹಳೇಪಾನಾ ಅವರ ಅಭಿಪ್ರಾಯಕ್ಕೆ ಸಣ್ಣದೊಂದು ತಿದ್ದುಪಡಿ. ಬಾಡಿಯೇ ಮೊದಲು ಎಂಬುದನ್ನು ಒಪ್ಪುತ್ತೇನೆ. ಆದರೆ ಎಂಜಿನ್ ಅನ್ನು ಇಳಿಸಿಯೇ ಬಾಡಿ ಕೆಲಸ ಹಿಡಿಯುವುದು ಲೇಸು. ಮುಂಭಾಗದ ಭಾರ ಇಳಿಯುತ್ತದೆ, ಬಲ್ಕ್‌ಹೆಡ್‌ನ (ಎಂಜಿನ್‌ಗೂ ಕ್ಯಾಬಿನ್ನಿಗೂ ನಡುವಿನ ಗೋಡೆಯ) ಮೂಲೆಗಳು ಕಣ್ಣಿಗೆ ಕಾಣುತ್ತವೆ. ಇಳಿಸಿದ ಎಂಜಿನ್ ಅನ್ನು ಬಿಚ್ಚಬೇಡಿ, ಸಿಲಿಂಡರುಗಳಿಗೆ ಸ್ವಲ್ಪ ಎಣ್ಣೆ ಬಿಟ್ಟು, ರಂಧ್ರಗಳನ್ನೆಲ್ಲ ಮುಚ್ಚಿ, ಹೊದಿಸಿ ಮೂಲೆಗಿಡಿ. 1964ರ ಕೊನೆಯಿಂದ ಬಂದ ಐದು ಮುಖ್ಯ ಬೇರಿಂಗುಗಳ 1798 ಸಿಸಿ ಎಂಜಿನ್ ನಿಮ್ಮದಾಗಿರಬೇಕು. ಎಂಜಿನ್ ಮೇಲಿನ ಸಂಖ್ಯಾಫಲಕದಲ್ಲಿ 18ಜಿಬಿ ಎಂದಿದ್ದರೆ ಖಚಿತ. ಅದು ಗಟ್ಟಿ ಜೀವ. ಮುಂದೆ ಹೆಡ್ ಬಿಚ್ಚಿದಾಗ, ಸೀಸವಿಲ್ಲದ ಪೆಟ್ರೋಲನ್ನು ತಾಳಿಕೊಳ್ಳಲು ಎಕ್ಸಾಸ್ಟ್ ವಾಲ್ವ್‌ಗಳಿಗೆ ಗಡಸು ಸೀಟು ಹಾಕಿಸಿಕೊಂಡರಾಯಿತು.

ವೆಲ್ಡಿಂಗ್‌ಗೆ ಮೊದಲು ಮಾಡಲೇಬೇಕಾದದ್ದು: ಪೆಟ್ರೋಲ್ ಟ್ಯಾಂಕ್ ಕಾರಿನಿಂದಷ್ಟೇ ಅಲ್ಲ, ಗ್ಯಾರೇಜಿನಿಂದಲೇ ಹೊರಗೆ ಹೋಗಬೇಕು, ಖಾಲಿ ಟ್ಯಾಂಕಿನ ಆವಿ ತುಂಬಿದ ಟ್ಯಾಂಕಿಗಿಂತ ಅಪಾಯಕಾರಿ. ಡಿಕ್ಕಿಯ ಅಡಿಯಿಂದ ಇಳಿಸಿದಾಗ ಅದರ ಮೇಲ್ಮೈಯನ್ನು ನೋಡಿ, ಒದ್ದೆ ಮಣ್ಣು ಕೂತು ತೂತಾಗುವುದು ಅಲ್ಲಿಯೇ. ಸೀಟುಗಳ ಹಿಂದೆ ಎರಡು ಆರು ವೋಲ್ಟ್ ಬ್ಯಾಟರಿಗಳಿವೆ, ಅವನ್ನೂ ಎತ್ತಿಡಿ. ನಿಮ್ಮ ಕಾರು ಪಾಸಿಟಿವ್ ಅರ್ತ್‌ನದು, ಅಂದರೆ ಬ್ಯಾಟರಿಯ ಪಾಸಿಟಿವ್ ತುದಿ ಬಾಡಿಗೆ ಸೇರಿರುತ್ತದೆ ಎಂಬುದನ್ನು ಮರೆಯದಿರಿ. ಈಗಿನ ಕಾರುಗಳ ರೂಢಿಯಲ್ಲಿ ಯಾವುದಾದರೂ ಎಲೆಕ್ಟ್ರಾನಿಕ್ ಸಾಮಾನು ಜೋಡಿಸಿದರೆ ಅದು ಕ್ಷಣಮಾತ್ರದಲ್ಲಿ ಸುಟ್ಟುಹೋಗಬಹುದು.

ಗ್ಯಾರೇಜುವಾಸಿ (ಕೊವೆಂಟ್ರಿ):

ಎಲ್ಲರಿಗೂ ಕೃತಜ್ಞತೆಗಳು. ಐದು ವಾರಗಳ ನಂತರ ಬರೆಯುತ್ತಿದ್ದೇನೆ. ಎಂಜಿನ್ ಇಳಿದಿದೆ, ಬಿಚ್ಚಿಲ್ಲ. ಸಂದಿ ಮೇಲೆ ಮೂರು ಮಿಲಿಮೀಟರ್, ಕೆಳಗೆ ಒಂಬತ್ತು, ಹಿಂಜಿನಲ್ಲಿ ದೋಷವಿಲ್ಲ.

ಅಯಸ್ಕಾಂತ ಹಿಡಿದು ಪುಟ್ಟಿ (ತಗಡಿನ ಹಳ್ಳ ತುಂಬುವ ಲೇಪ) ಎಲ್ಲೆಲ್ಲಿದೆ ಎಂದು ಹುಡುಕಲು ಹೊರಟವನಿಗೆ ಮೊದಲು ಸಿಕ್ಕಿದ್ದು ಬಾನೆಟ್. ಎಲ್ಲಿಟ್ಟರೂ ಅಂಟದಾಗ ಇಡೀ ಬಾನೆಟ್ಟೇ ಪುಟ್ಟಿಯೆಂದು ಗಾಬರಿಯಾಗಿತ್ತು. ಆ ಕಾಲದ ಎಂಜಿಬಿಗಳ ಬಾನೆಟ್ ಅಲ್ಯೂಮಿನಿಯಂ ಎಂದು ಆಮೇಲೆ ತಿಳಿಯಿತು. ಎಡಬದಿಯ ಹೊರ ಸಿಲ್ ಅನ್ನು ಕತ್ತರಿಸಿದಾಗ ಮಾತ್ರ ನಗು ಬರಲಿಲ್ಲ. ಅದರ ಹಿಂದೆ ಇನ್ನೊಂದು ಸಿಲ್, ಅದರ ಹಿಂದೆ ಮೂಲ ಸಿಲ್‌ನ ಅವಶೇಷ. ಮೆಂಬ್ರೇನ್ ತಗಡಿನ ಕೆಳಗಿನ ನಾಲ್ಕು ಇಂಚು ಹಿಂದಿನ ಚಕ್ರದವರೆಗೆ ಪುಡಿಯಾಗಿ ಕಂದು ಸಕ್ಕರೆಯಂತೆ ಅಂಗೈಗೆ ಉದುರಿತು. ಕ್ಯಾಸಲ್ ರೈಲ್ ಎಂಬುದು ಇತ್ತೆಂದು ಗೊತ್ತಾಗುವುದು ಬಲಬದಿಯನ್ನು ನೋಡಿದಾಗ ಮಾತ್ರ.

ಈಗ ಎರಡು ಪ್ರಶ್ನೆಗಳು. ಕುಸಿದ ಬಾಡಿಯನ್ನು ಮಟ್ಟಕ್ಕೆ ತರುವುದು ಹೇಗೆ? ಹೊಸ ಸಿಲ್ ನನ್ನ ಬಾಗಿಲಿಗಿಂತ ಬಹಳ ಉದ್ದವಿದೆ, ಅದರ ಹಿಂದಿನ ತುದಿ ಎಲ್ಲಿಗೆ ಹೋಗಬೇಕು?

ಹಳೇಪಾನಾ (ಆಕ್ಸ್‌ಫರ್ಡ್‌ಶೈರ್):

ಕತ್ತರಿಸುವುದನ್ನು ಸದ್ಯಕ್ಕೆ ನಿಲ್ಲಿಸಿ. ಕಾರನ್ನು ನಾಲ್ಕು ಸ್ಟ್ಯಾಂಡ್‌ಗಳ ಮೇಲೆ ನಿಲ್ಲಿಸಿ: ಮುಂದೆ ಕ್ರಾಸ್‌ಮೆಂಬರ್‌ನ (ಮುಂದಿನ ಅಡ್ಡ ತೊಲೆಯ) ಹಿಂಬದಿಯ ಚಾಸಿ ಕಾಲುಗಳ (ಬಾಡಿಗೇ ಸೇರಿದ ಉದ್ದ ತೊಲೆಗಳ) ಕೆಳಗೆ, ಹಿಂದೆ ಲೀಫ್ ಸ್ಪ್ರಿಂಗ್‌ನ ಮುಂದಿನ ಹಿಡಿಕೆಯ ಬಳಿ. ಆಮೇಲೆ ರಸಮಟ್ಟ ಇಟ್ಟು ಅಡ್ಡಕ್ಕೂ ಉದ್ದಕ್ಕೂ ಸರಿನೋಡಿ. ನಿಮ್ಮ ಗ್ಯಾರೇಜಿನ ನೆಲವನ್ನು ನಂಬಬೇಡಿ. ನೀರು ಹೊರಹೋಗಲೆಂದು ಅದನ್ನು ಬಾಗಿಲಿನ ಕಡೆಗೆ ಇಳಿಜಾರಾಗಿಸಿರುತ್ತಾರೆ.

ಎರಡೂ ಬಾಗಿಲುಗಳು ಸ್ವಸ್ಥಾನದಲ್ಲಿಯೇ ಇರಲಿ. ಕ್ಯಾಬಿನ್ನಿನ ಒಳಬದಿಯಿಂದ ಬಾಗಿಲ ಮುಂದಿನ ಕಂಬಕ್ಕೂ ಹಿಂದಿನ ಕಂಬಕ್ಕೂ ಚೌಕ ಪೈಪಿನ ಅಡ್ಡಗಟ್ಟು ಕೊಟ್ಟು, ಒಂದು ತುದಿಯಲ್ಲಿ ಉದ್ದವಾಗಿಸಲು ಬರುವಂಥ ತಿರುಪು ಇರಿಸಿ. ತಿರುಪನ್ನು ಅರ್ಧರ್ಧ ಸುತ್ತು ಬಿಗಿಸುತ್ತ ಬಂದರೆ ಮೇಲಿನ ಸಂದಿ ಮೆಲ್ಲಗೆ ತೆರೆದುಕೊಳ್ಳುತ್ತದೆ. ಮೇಲೆ ಕೆಳಗೆ ಎರಡೂ ಕಡೆ ಐದು ಮಿಲಿಮೀಟರಿನ ಆಸುಪಾಸಿಗೆ ಬಂದಾಗ ನಿಲ್ಲಿಸಿ, ಒಂದು ರಾತ್ರಿ ಹಾಗೆಯೇ ಬಿಟ್ಟು ಬೆಳಿಗ್ಗೆ ಮತ್ತೆ ಅಳೆಯಿರಿ. ಬಲಬದಿಯನ್ನು ಈಗ ಮುಟ್ಟಲೇಬಾರದು. ಎರಡೂ ಬದಿ ಒಟ್ಟಿಗೆ ತೆರೆದರೆ ಬಾಳೆಹಣ್ಣಿನ ಆಕಾರದ ಕಾರು ನಿಮ್ಮದಾಗುತ್ತದೆ.

ಕ್ಯಾಸಲ್ ರೈಲ್ ಮೊದಲು, ಮೆಂಬ್ರೇನ್ ನಂತರ, ಹೊರ ಸಿಲ್ ಕೊನೆಗೆ. ಪ್ರತಿಯೊಂದನ್ನೂ ಕ್ಲಾಂಪಿನಲ್ಲಿ ಹಿಡಿದು, ಬಾಗಿಲು ಮುಚ್ಚಿ ತೆರೆದು ನೋಡಿ, ಆಮೇಲೆ ಚುಕ್ಕೆ ಬೆಸುಗೆ ಹಾಕಿ. ಮತ್ತೆ ಬಾಗಿಲು ನೋಡಿಯೇ ಪೂರ್ತಿ ಬೆಸುಗೆ. ಒಂದೇ ಕಡೆ ಕಾಯಿಸಿದರೆ ತಗಡು ಎಳೆದುಕೊಳ್ಳುತ್ತದೆ, ಆದ್ದರಿಂದ ಒಂದು ಬೆಸುಗೆ ಮುಂದೆ ಹಾಕಿದರೆ ಅದರ ನಂತರದ್ದು ಹಿಂದೆ ಇರಲಿ. ಸಿಲ್‌ನ ಅಡಿಯ ನೀರಿನ ಕಂಡಿಗಳನ್ನು ಮುಚ್ಚಬೇಡಿ. ಹಿಂದಿನವರ ಮೂರು ಪದರ ಕೊಳೆಯಲು ಅದೂ ಒಂದು ಕಾರಣ. ಬಣ್ಣವಾದ ಮೇಲೆ ಒಳಗೆ ಮೇಣ ಸಿಂಪಡಿಸಬೇಕು.

ಇನ್ನು ಉದ್ದದ ವಿಷಯ. ನಿಮ್ಮ ಹೊಸ ಸಿಲ್ ಸರಿಯಾಗಿಯೇ ಇದೆ. ಹಿಂದೆ ಹಾಕಿದವರದ್ದು ಗಿಡ್ಡವಾಗಿತ್ತು, ಅಷ್ಟೇ. ಸಿಲ್ ಮುಂದಿನ ಮತ್ತು ಹಿಂದಿನ ಮಡ್‌ಗಾರ್ಡ್‌ಗಳೆರಡರ ಹಿಂಬದಿಗೂ ಚಾಚಿಕೊಳ್ಳಬೇಕು. ಮುಂದಿನ ಮಡ್‌ಗಾರ್ಡ್ ಬೋಲ್ಟುಗಳಲ್ಲಿ ನಿಂತಿರುವುದರಿಂದ ಬಿಚ್ಚಬಹುದು, ಕೆಲವು ಬೋಲ್ಟು ಡ್ಯಾಶ್‌ಬೋರ್ಡಿನ ಕಡೆ ಅವಿತಿವೆ, ತಾಳ್ಮೆ ಬೇಕು. ಹಿಂದಿನದು ಬಾಡಿಗೆ ಬೆಸೆದಿರುವುದರಿಂದ ಬಾಗಿಲಿಗೂ ಚಕ್ರಕ್ಕೂ ನಡುವಿನ ಅದರ ಕೆಳತುಂಡನ್ನು ಕತ್ತರಿಸಿ ತೆಗೆಯದೆ ಗತಿಯಿಲ್ಲ. ಆ ತುಂಡು ರಿಪೇರಿ ತಗಡಾಗಿ ಸಿಗುತ್ತದೆ. ಹೊಸ ತಗಡನ್ನು ಮೇಲಿಟ್ಟು ಗೆರೆ ಎಳೆದು, ಗೆರೆಗಿಂತ ಒಂದು ಇಂಚು ಕೆಳಗೆ ಕತ್ತರಿಸಿ. ಉಳಿದ ಇಂಚನ್ನು ಕೂಡಿಸುವ ದಿನ ಸರಿಗಟ್ಟಬಹುದು.

ನಲವತ್ತು ವರ್ಷ ದಾಟಿದ ಕಾರುಗಳಿಗೆ 2018ರಿಂದ ಎಂಒಟಿ ಪರೀಕ್ಷೆಯ (ಇಲ್ಲಿನ ವಾರ್ಷಿಕ ವಾಹನ ತಪಾಸಣೆಯ) ವಿನಾಯಿತಿ ಇದೆ. ಆದರೂ ಬಣ್ಣಕ್ಕೆ ಕೊಡುವ ಮೊದಲು ಪರೀಕ್ಷಕರೊಬ್ಬರನ್ನು ಗ್ಯಾರೇಜಿಗೇ ಕರೆಸಿ, ಬೆಸುಗೆಗಳು ಬರಿಗಣ್ಣಿಗೆ ಕಾಣುವಾಗಲೇ ತೋರಿಸಿಬಿಡಿ. ಅಡ್ಡಗಟ್ಟು ಕೊಟ್ಟ ಮರುದಿನದ ಅಳತೆಗಳನ್ನು ಇಲ್ಲಿ ಬರೆಯಿರಿ, ನೋಡಿ ಹೇಳುತ್ತೇನೆ.