ಮಳೆ ಅಳೆಯದ ದಿನ ಮೆಥಡ್ -1 ಕೊಡಬಹುದಾ?

ಗೋಣಿಕೊಪ್ಪ: ಮೇಡಂ, ತೋಟದ ಮಳೆ ಲೆಕ್ಕಕ್ಕೆ ಜಾವಾ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಆಪ್ ಮಾಡಿದ್ದೇನೆ. ರೈಟರ್ (ತೋಟದ ಗುಮಾಸ್ತ) ಮಳೆ ಅಳೆಯದ ದಿನ ಮೆಥಡ್ (ಅಳತೆ ಕೊಡೋ ಕೋಡಿನ ತುಣುಕು) -1 ಕೊಡುತ್ತೆ. ಸರೀನಾ, ಇಲ್ಲಾ ಎಕ್ಸೆಪ್ಷನ್ (ಏನೋ ತಪ್ಪಾಗಿದೆ ಅಂತ ಕೆಲಸ ನಿಲ್ಲಿಸೋ ಸೂಚನೆ) ಎಸೆಯಬೇಕಾ?

ಮೇಡಂ (ಸಾಫ್ಟ್‌ವೇರ್ ಎಂಜಿನಿಯರ್): ತಿಂಗಳ ಮೊತ್ತ ನೋಡಿದ್ದೀರಾ? ಮಾರ್ಚಲ್ಲಿ ಎರಡು ದಿನ ಹೂಮಳೆ (ಕಾಫಿ ಹೂವು ಅರಳಿಸೋ ಮಳೆ), 22 ಮತ್ತು 9 ಮಿಲಿಮೀಟರ್ ಅಂದುಕೊಳ್ಳಿ. ಮೂರು ದಿನ ರೈಟರ್ ರಜೆ. ಮೂರು -1 ಸೇರಿ, 31 ಬರಬೇಕಾದ ಕಡೆ 28 ಬರುತ್ತೆ. ಯಾರಿಗೂ ಅನುಮಾನ ಬರಲ್ಲ, ನನಗೆ ಭಯ ಅದೇ. 0 ಹಾಕಿದರೆ ಇನ್ನೂ ಕಷ್ಟ: ಮಳೆ ಬರಲಿಲ್ಲ ಅನ್ನೋದೂ ಅಳೆಯಲಿಲ್ಲ ಅನ್ನೋದೂ ಒಂದೇ ಆಗಿಬಿಡುತ್ತೆ, ಹೂಮಳೆ ಆಗಿಲ್ಲ ಅಂದುಕೊಂಡು ಸುಮ್ನೆ ಸ್ಪ್ರಿಂಕ್ಲರ್ ಹಾಕಿಸುತ್ತೀರಿ. ಅಳೆಯದೇ ಇರೋದು ತೋಟದಲ್ಲಿ ಮಾಮೂಲು. ಅದಕ್ಕೆ ಎಕ್ಸೆಪ್ಷನ್ ಬೇಡ, ಆಪ್ಷನಲ್ ಕೊಡಿ, ಅಂದರೆ ಒಳಗೆ ಅಳತೆ ಇರಬಹುದು, ಇಲ್ಲದಿರಬಹುದು ಅಂತ ತೋರಿಸೋ ಡಬ್ಬಿ. ಜಾವಾ 8ರಲ್ಲಿ, 2014ರಲ್ಲೇ ಬಂದಿದೆ. ಆದರೆ ಯಾರಾದರೂ -5 ಮಿಲಿಮೀಟರ್ ಕೊಟ್ಟು ಅಳತೆಯ ಆಬ್ಜೆಕ್ಟ್ ಮಾಡಲು ಬಂದರೆ, ಅದನ್ನು ಕಟ್ಟೋ ಕನ್‌ಸ್ಟ್ರಕ್ಟರಲ್ಲೇ ಇಲ್ಲೀಗಲ್ ಆರ್ಗ್ಯುಮೆಂಟ್ ಎಕ್ಸೆಪ್ಷನ್ ಎಸೆಯಿರಿ. ಅಂಥ ಆಬ್ಜೆಕ್ಟ್ ಹುಟ್ಟಲೇಬಾರದು.

ಕುಶಾಲನಗರ: ನಲ್ (ಏನೂ ಇಲ್ಲ ಅನ್ನೋ ಗುರುತು) ಕೊಟ್ಟರೆ ಸಾಲದಾ?

ಮೇಡಂ: ಬೇಡ. 1965ರಲ್ಲಿ ಆಲ್ಗಾಲ್ ಡಬ್ಲ್ಯು ಅನ್ನೋ ಪ್ರೋಗ್ರಾಮಿಂಗ್ ಭಾಷೆಗೆ ನಲ್ ತಂದ ಕಂಪ್ಯೂಟರ್ ವಿಜ್ಞಾನಿ ಟೋನಿ ಹೋರ್ ಅವರೇ 2009ರಲ್ಲಿ ಅದನ್ನು ನೂರು ಕೋಟಿ ಡಾಲರಿನ ತಪ್ಪು ಅಂದರು.

ಸೋಮವಾರಪೇಟೆ: ಫಾರ್ವರ್ಡ್ ಬಂದದ್ದು: "ಎಲ್ಲಾ ಕೋಡನ್ನೂ ಒಂದೇ ಟ್ರೈ-ಕ್ಯಾಚ್ (ಎಕ್ಸೆಪ್ಷನ್ ಹಿಡಿಯೋ ಕಟ್ಟು) ಒಳಗೆ ಹಾಕಿ, ಕ್ಯಾಚ್ ಖಾಲಿ ಬಿಡಿ. ಆಪ್ ಎಂದೂ ನಿಲ್ಲಲ್ಲ!"

ಮೇಡಂ: ದಯವಿಟ್ಟು ಇದನ್ನು ಇಲ್ಲಿ ಹಾಕಬೇಡಿ. ಈ ತಿಂಗಳು ಮೂರನೇ ಸಲ. ಆಪ್ ನಿಲ್ಲಲ್ಲ ಸರಿ, ಸೇವ್ ಆಗದ ಅಳತೆಯನ್ನೂ ಸೇವ್ ಆಯ್ತು ಅಂತ ತೋರಿಸುತ್ತೆ. ಹಿಡಿದ ಮೇಲೆ ಏನೂ ಮಾಡಲು ಬರದಿದ್ದರೆ ಎಕ್ಸೆಪ್ಷನ್ ಹಿಡಿಯಲೇಬೇಡಿ, ಮೇಲಕ್ಕೆ, ಕರೆದ ಕೋಡಿಗೆ ಹೋಗಲಿ.

ವಿರಾಜಪೇಟೆ: ಎಕ್ಸೆಪ್ಷನ್ ಸ್ಲೋ. ನಮ್ಮ ಆಫೀಸಲ್ಲಿ ಎಲ್ಲಾ ಎರರ್ ಕೋಡೇ (-1 ಥರ ತಪ್ಪು ಸೂಚಿಸೋ ಸಂಖ್ಯೆ).

ಮಡಿಕೇರಿ: ಕೋಡ್ ಬಂದರೂ ಯಾರೂ ನೋಡದಿದ್ದರೆ? ಪ್ರೋಗ್ರಾಂ ಅನುವಾದಿಸೋ ಕಂಪೈಲರ್ ಸುಮ್ನೆ ಇರುತ್ತೆ, ಅಲ್ವಾ?

ವಿರಾಜಪೇಟೆ: ಅದು ನೋಡದವರ ತಪ್ಪು. ನಿಮಗೆ ಎಷ್ಟು ವರ್ಷ ಅನುಭವ?

ಮಡಿಕೇರಿ: ವರ್ಷದ ಮಾತು ಯಾಕೆ ಈಗ? ವಿಷಯ ಮಾತಾಡಿ.

ಪೊನ್ನಂಪೇಟೆ: ಕೋಟ್ಲಿನ್ ಭಾಷೆಯಲ್ಲಿ ಹೇಗೆ ಮೇಡಂ?

ವಿರಾಜಪೇಟೆ: ವಿಷಯಾನೇ ಮಾತಾಡ್ತಿರೋದು. ಜಾಸ್ತಿ ಕಲಿಸೋಕೆ ಬರಬೇಡಿ.

ಮೇಡಂ: ಇಬ್ಬರೂ ಸಾಕು ಮಾಡಿ. ಎಕ್ಸೆಪ್ಷನ್‌ಗೆ ಸ್ಟ್ಯಾಕ್ ಟ್ರೇಸ್ (ಅದು ಎಲ್ಲಿಂದ ಬಂತು ಅನ್ನೋ ದಾರಿ) ತುಂಬೋಕೆ ಸಮಯ ಹಿಡಿಯುತ್ತೆ, ನಿಜ. ದಿನಕ್ಕೊಂದು ಸಲ ಬರೆಯೋ ಅಳತೆಗೆ ಅದರಿಂದ ಏನೂ ತೊಂದರೆ ಇಲ್ಲ.

ನಾಪೋಕ್ಲು: ಫಾರಂನಲ್ಲಿ ಐದು ಕಾಲಂ ತಪ್ಪಿದ್ದರೆ ಐದು ಎಕ್ಸೆಪ್ಷನ್ನಾ?

ಮೇಡಂ: ಇಲ್ಲ. ಐದನ್ನೂ ಪಟ್ಟಿ ಮಾಡಿ ಒಟ್ಟಿಗೆ ತೋರಿಸಿ.

ಸುಂಟಿಕೊಪ್ಪ: ಹಾಗಾದ್ರೆ ನಲ್ ಕೊಡಬಹುದಾ?

ಮೇಡಂ: ಮೇಲೆ ಓದಿ.

ಗೋಣಿಕೊಪ್ಪ: ಮೇಡಂ, ರೈಟರ್ ಪುಸ್ತಕ ತೆಗೆದು ಕೂಡಿ ನೋಡಿದೆ. ಆಪಿನ ಫೆಬ್ರವರಿ ಮೊತ್ತ 4 ಕಡಿಮೆ. ನಾಲ್ಕು ದಿನ ಅವರು ಊರಲ್ಲಿರಲಿಲ್ಲ. ಇವತ್ತೇ ಬದಲಾಯಿಸುತ್ತೇನೆ.

ಪೊನ್ನಂಪೇಟೆ: ಮೇಡಂ, ಕೋಟ್ಲಿನ್?