ವಿಲ್ಹೆಲ್ಮ್ ಸೋಲ್ಫ್ ‘ಕಾರ್ಯದರ್ಶಿ’ಯೋ ‘ಸಚಿವ’ರೋ? ಜರ್ಮನ್ ಹುದ್ದೆಯೊಂದರ ಕನ್ನಡ ಹೆಸರಿನ ಬಗ್ಗೆ

ಪದಚರ್ಚೆಯ ಹಿರಿಯರಿಗೂ ಗೆಳೆಯರಿಗೂ ನಮಸ್ಕಾರ.

ಕಲ್ಯಾಣದ ಚಾಲುಕ್ಯ ದೊರೆ ಆರನೆಯ ವಿಕ್ರಮಾದಿತ್ಯನ ಆಸ್ಥಾನದಲ್ಲಿದ್ದ ಕಾಶ್ಮೀರದ ಕವಿ ಬಿಲ್ಹಣನನ್ನು ಕುರಿತು ಒಂದು ಲೇಖನ ಬರೆಯುತ್ತಿದ್ದೇನೆ. ಬಿಲ್ಹಣನದೆಂದು ಪರಂಪರೆ ಹೇಳುವ ಸಂಸ್ಕೃತ ಪ್ರೇಮಕಾವ್ಯ ‘ಚೌರಪಂಚಾಶಿಕಾ’ದ ಕಾಶ್ಮೀರ ಪಾಠವನ್ನು ಪರಿಷ್ಕರಿಸಿ 1886ರಲ್ಲಿ ಜರ್ಮನಿಯಲ್ಲಿ ಅಚ್ಚು ಹಾಕಿಸಿದವರು ವಿಲ್ಹೆಲ್ಮ್ ಸೋಲ್ಫ್. ಲೇಖನದಲ್ಲಿ ಅವರ ಪರಿಚಯಕ್ಕೆಂದು ನಾಲ್ಕು ಸಾಲು ಬರೆಯಲು ಕುಳಿತೆ. ಸಂಸ್ಕೃತದ ಓದಿನಿಂದ ಮೊದಲಾಗಿ, ಕಲ್ಕತ್ತೆಯ ಜರ್ಮನ್ ಕಾನ್ಸುಲೇಟು, ಕಾನೂನು ವ್ಯಾಸಂಗ, ಸಮೋವಾ ದ್ವೀಪಗಳ ಗವರ್ನರ್ ಪದವಿ, ಬರ್ಲಿನ್ನಿನ ಸರ್ಕಾರ ಇವನ್ನೆಲ್ಲ ದಾಟಿ ಟೋಕಿಯೋದ ರಾಯಭಾರದವರೆಗೆ ಸಾಗಿದ ಆ ಬದುಕನ್ನು ಹೇಳುವಾಗ ಒಂದೇ ಒಂದು ಹುದ್ದೆಯ ಹೆಸರು ನನ್ನನ್ನು ತಡೆದು ನಿಲ್ಲಿಸಿದೆ. ಆ ಹೆಸರು ‘ಸ್ಟಾಟ್ಸ್‌ಸೆಕ್ರೆಟೇರ್’.

ಸೋಲ್ಫ್ ಅವರು 1911ರಿಂದ 1918ರವರೆಗೆ ವಸಾಹತು ಖಾತೆಗೂ, 1918ರ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ವಿದೇಶಾಂಗ ಖಾತೆಗೂ ಸ್ಟಾಟ್ಸ್‌ಸೆಕ್ರೆಟೇರ್ ಆಗಿದ್ದರು. ಪದವನ್ನು ಬಿಡಿಸಿ ‘ರಾಜ್ಯ ಕಾರ್ಯದರ್ಶಿ’ ಎಂದು ಬರೆದರೆ ನಮ್ಮ ಓದುಗರಿಗೆ ಬೇರೆಯದೇ ಚಿತ್ರ ಮೂಡುತ್ತದೆ. ‘ರಾಜ್ಯ’ ಎಂದೊಡನೆ ಕೇಂದ್ರಕ್ಕೆ ಎದುರಾದ ರಾಜ್ಯವೂ, ‘ಕಾರ್ಯದರ್ಶಿ’ ಎಂದೊಡನೆ ಒಬ್ಬ ಐಎಎಸ್ ಅಧಿಕಾರಿಯೋ ಪಕ್ಷದ ಪದಾಧಿಕಾರಿಯೋ ಕಣ್ಮುಂದೆ ಬರುತ್ತಾರೆ. ‘ವಿದೇಶಾಂಗ ಕಾರ್ಯದರ್ಶಿ’ ಎಂದರೂ ತೊಂದರೆ ತಪ್ಪುವುದಿಲ್ಲ. ಭಾರತದಲ್ಲಿ ಅದು ಸಚಿವರ ಕೈಕೆಳಗಿನ ಅತ್ಯುನ್ನತ ಅಧಿಕಾರಿಯ ಹುದ್ದೆ. ಸೋಲ್ಫ್ ಅವರ ಮೇಲೆ ವಿದೇಶಾಂಗ ಸಚಿವರೆಂಬವರು ಯಾರೂ ಇರಲಿಲ್ಲ. ಮೊದಲನೆಯ ಮಹಾಯುದ್ಧದ ಕದನವಿರಾಮದ ಬಗ್ಗೆ ಅಮೆರಿಕದೊಡನೆ ನಡೆದ ಪತ್ರವ್ಯವಹಾರದಲ್ಲಿ 1918ರ ಅಕ್ಟೋಬರ್ 12ರ ಜರ್ಮನ್ ಉತ್ತರಕ್ಕೆ ಸಹಿ ಹಾಕಿದವರು ಅವರೇ. ಆ ಕಡೆಯಿಂದ ಅಧ್ಯಕ್ಷ ವಿಲ್ಸನ್ನರ ಪರವಾಗಿ ಸಹಿ ಹಾಕುತ್ತಿದ್ದ ರಾಬರ್ಟ್ ಲ್ಯಾನ್ಸಿಂಗ್ ಅವರ ಹುದ್ದೆಯನ್ನು ನಮ್ಮ ಪತ್ರಿಕೆಗಳು ಇಂದಿಗೂ ‘ವಿದೇಶಾಂಗ ಕಾರ್ಯದರ್ಶಿ’ ಎಂದೇ ಕರೆಯುತ್ತವೆ. ಹೀಗೆ ಮೂರು ದೇಶಗಳ ಮೂರು ಬಗೆಯ ಅಧಿಕಾರಕ್ಕೆ ನಮ್ಮಲ್ಲಿ ಒಂದೇ ಹೆಸರು ಬಂದು ಕೂರುತ್ತದೆ.

ಹಾಗಾದರೆ ‘ಸಚಿವ’ ಎಂದುಬಿಡಬಹುದಲ್ಲವೇ ಎಂದು ಕೇಳಬಹುದು. ಇಲ್ಲಿಯೇ ನನ್ನ ನಿಜವಾದ ಅನುಮಾನವಿದೆ. 1871ರ ಜರ್ಮನ್ ಸಂವಿಧಾನದ ಪ್ರಕಾರ ಸಾಮ್ರಾಜ್ಯಕ್ಕೆ ಹೊಣೆಗಾರನಾದ ಮಂತ್ರಿ ಒಬ್ಬನೇ, ಅವನೇ ಚಾನ್ಸಲರ್. ಖಾತೆಗಳನ್ನು ನಡೆಸುತ್ತಿದ್ದ ಸ್ಟಾಟ್ಸ್‌ಸೆಕ್ರೆಟೇರರು ಅವನ ಅಧೀನರೇ ಹೊರತು ಸರಿಸಮಾನರಾದ ಸಹೋದ್ಯೋಗಿಗಳಲ್ಲ. 1878ರ ಕಾಯಿದೆ ಅವರಿಗೆ ತಮ್ಮ ಖಾತೆಯ ಮಟ್ಟಿಗೆ ಚಾನ್ಸಲರನ ಬದಲಿಗೆ ನಿಂತು ಕೆಲಸ ಮಾಡುವ ಅವಕಾಶವನ್ನಷ್ಟೇ ಕೊಟ್ಟಿತು. ಈ ವ್ಯತ್ಯಾಸ ಬರಿಯ ಹೆಸರಿನದಲ್ಲ ಎಂಬುದಕ್ಕೆ ಸೋಲ್ಫ್ ಅವರ ನಂತರ ಬಂದ ಬ್ರೋಕ್‌ಡೋರ್ಫ್-ರಾಂಟ್ಸಾವ್ ಅವರೇ ಸಾಕ್ಷಿ. 1918ರ ಡಿಸೆಂಬರಿನಲ್ಲಿ ಅವರು ಸ್ಟಾಟ್ಸ್‌ಸೆಕ್ರೆಟೇರ್ ಆಗಿ ಅಧಿಕಾರ ವಹಿಸಿಕೊಂಡರು. 1919ರ ಫೆಬ್ರವರಿಯಲ್ಲಿ ಗಣರಾಜ್ಯದ ಹೊಸ ಸರ್ಕಾರ ರಚನೆಯಾದಾಗ, ಅದೇ ಕಚೇರಿಯಲ್ಲಿ ಕುಳಿತೇ ‘ರೈಖ್ಸ್‌ಮಿನಿಸ್ಟರ್’, ಅಂದರೆ ಪೂರ್ಣ ಪ್ರಮಾಣದ ಸಚಿವ, ಆದರು. ಇಬ್ಬರನ್ನೂ ‘ವಿದೇಶಾಂಗ ಸಚಿವ’ ಎಂದು ಬರೆದರೆ, ಆ ಎರಡು ತಿಂಗಳಲ್ಲಿ ಜರ್ಮನಿ ಕಂಡ ಸಂವಿಧಾನದ ಬದಲಾವಣೆಯೇ ಕನ್ನಡದಲ್ಲಿ ಮರೆಯಾಗುತ್ತದೆ.

ಇನ್ನೊಂದು ಸಂಗತಿಯನ್ನೂ ಗಮನಿಸಬೇಕು. ಇಂದಿನ ಜರ್ಮನಿಯಲ್ಲಿ ಈ ಪದದ ಅರ್ಥ ಕೆಳಗಿಳಿದಿದೆ. 1950ರ ದಶಕದಲ್ಲಿ ವಾಲ್ಟರ್ ಹಾಲ್‌ಸ್ಟೈನ್ ವಿದೇಶಾಂಗ ಕಚೇರಿಯ ಸ್ಟಾಟ್ಸ್‌ಸೆಕ್ರೆಟೇರ್ ಆಗಿದ್ದಾಗ, ಆ ಹುದ್ದೆ ನಮ್ಮ ವಿದೇಶಾಂಗ ಕಾರ್ಯದರ್ಶಿಯಂತೆ ಸಚಿವರ ಕೆಳಗಿನದೇ ಆಗಿತ್ತು. ಆದ್ದರಿಂದ ಹಾಲ್‌ಸ್ಟೈನ್ ಅವರಿಗೆ ‘ಕಾರ್ಯದರ್ಶಿ’ ಸರಿಹೊಂದುತ್ತದೆ, ಸೋಲ್ಫ್ ಅವರಿಗೆ ಹೊಂದುವುದಿಲ್ಲ. ನಮ್ಮ ಭಾಷೆಗಳಲ್ಲೂ ಇಂಥ ಜಾರುವಿಕೆ ಹೊಸದಲ್ಲ: ಹಿಂದಿಯವರಿಗೆ ‘ಸಚಿವ’ ಎಂದರೆ ಕಾರ್ಯದರ್ಶಿ, ನಮಗೆ ಮಂತ್ರಿ, ಆದರೂ ‘ಸಚಿವಾಲಯ’ ಎನ್ನುವಾಗ ನಾವೂ ಕಾರ್ಯದರ್ಶಿಗಳು ಕೂರುವ ಕಟ್ಟಡವನ್ನೇ ಸೂಚಿಸುತ್ತೇವೆ.

‘ಉದಾರವಾದಿ’ ಎಂಬ ಪದವೂ ನನಗೆ ಸ್ವಲ್ಪ ಕಸಿವಿಸಿ ತಂದಿದೆ. ಯುದ್ಧ ಮುಗಿದ ಮೇಲೆ ಸೋಲ್ಫ್ ಜರ್ಮನ್ ಡೆಮಾಕ್ರಟಿಕ್ ಪಕ್ಷವನ್ನು ಸೇರಿದರು. ಅದು ಎಡಪಂಥೀಯ ಉದಾರವಾದಿಗಳ ಪಕ್ಷವಾದ್ದರಿಂದ ಪದ ತಪ್ಪೇನಲ್ಲ. ಆದರೆ ಕನ್ನಡದಲ್ಲಿ ‘ಉದಾರ’ ಎಂಬುದು ಮೊದಲು ಒಂದು ಗುಣದ ಹೆಸರು, ಆಮೇಲೆ ರಾಜಕೀಯ ಪಂಥದ್ದು. ಸಮೋವಾದಲ್ಲಿ ತಮ್ಮ ಆಡಳಿತವನ್ನು ಎದುರಿಸಿದ ನಾಯಕ ಲಾವಾಕಿಯನ್ನು 1909ರಲ್ಲಿ ಸೈಪಾನ್ ದ್ವೀಪಕ್ಕೆ ಗಡೀಪಾರು ಮಾಡಿದವರೂ, 1912ರಲ್ಲಿ ಅಲ್ಲಿನ ಬಿಳಿಯರು ಮತ್ತು ಸಮೋವನ್ನರ ನಡುವಣ ಮದುವೆಗಳನ್ನು ನಿಷೇಧಿಸಿದವರೂ ಇವರೇ. ಹಾಗಾಗಿ ‘ಉದಾರವಾದಿ ರಾಜಕಾರಣಿ’ ಎಂದು ಬರೆಯುವ ಬದಲು ‘ಉದಾರವಾದಿ ಪಕ್ಷಕ್ಕೆ ಸೇರಿದವರು’ ಎಂದು ಪಕ್ಷವನ್ನು ಹೇಳಿ, ಗುಣವನ್ನು ಹೇಳದೆ ಬಿಡುವುದು ಮೇಲೆಂದು ನನಗೆ ತೋರುತ್ತದೆ.

1920ರಿಂದ 1928ರವರೆಗಿನ ಟೋಕಿಯೋದ ಹುದ್ದೆಯಲ್ಲಿ ತೊಡಕಿಲ್ಲ. ಜರ್ಮನ್ನಿನ ‘ಬೋಟ್‌ಶಾಫ್ಟ್’ ಎಂಬ ಒಂದೇ ಪದಕ್ಕೆ ಸಂದೇಶ, ರಾಯಭಾರ ಕಚೇರಿ ಎಂಬ ಎರಡೂ ಅರ್ಥಗಳಿದ್ದು, ಹಸ್ತಿನಾವತಿಗೆ ಹೊರಟ ಕೃಷ್ಣನ ನೆನಪನ್ನು ಜೊತೆಗಿಟ್ಟುಕೊಂಡಿರುವ ನಮ್ಮ ‘ರಾಯಭಾರಿ’ ಅದಕ್ಕೆ ಚೆನ್ನಾಗಿಯೇ ಒಪ್ಪುತ್ತದೆ. ಬೌದ್ಧ ಧರ್ಮದಲ್ಲಿ ಆಳವಾದ ಆಸಕ್ತಿಯಿದ್ದ ಸಂಸ್ಕೃತಜ್ಞರೊಬ್ಬರು ಜಪಾನಿಗೆ ರಾಯಭಾರಿಯಾಗಿ ಹೋದದ್ದನ್ನು ಬರೆಯುವಾಗ ನನಗೆ ನಿಜಕ್ಕೂ ಸಂತೋಷವಾಯಿತು.

ಸದ್ಯಕ್ಕೆ ನಾನು ‘ವಿದೇಶಾಂಗ ಖಾತೆಯ ಮುಖ್ಯಸ್ಥ’ ಎಂದು ಬರೆದು, ಮೊದಲ ಸಲ ಬರುವಾಗ ಮಾತ್ರ ಪಕ್ಕದಲ್ಲಿ ‘ಸ್ಟಾಟ್ಸ್‌ಸೆಕ್ರೆಟೇರ್’ ಎಂದು ಸೇರಿಸಿದ್ದೇನೆ. ಇದು ಅಧೀನತೆಯನ್ನು ಸ್ಪಷ್ಟವಾಗಿ ಹೇಳುವುದಿಲ್ಲ ಎಂಬ ಕೊರತೆ ನನಗೆ ಗೊತ್ತಿದೆ. 1858ರ ನಂತರ ಲಂಡನ್ನಿನಲ್ಲಿ ಕುಳಿತು ಭಾರತದ ಉಸ್ತುವಾರಿ ನೋಡುತ್ತಿದ್ದ ‘ಸೆಕ್ರೆಟರಿ ಆಫ್ ಸ್ಟೇಟ್’ ಹುದ್ದೆಗೆ ಹಳೆಯ ಕನ್ನಡ ಚರಿತ್ರೆಯ ಪುಸ್ತಕಗಳಲ್ಲೋ ಪತ್ರಿಕೆಗಳಲ್ಲೋ ‘ಭಾರತ ಕಾರ್ಯದರ್ಶಿ’, ‘ಭಾರತ ಮಂತ್ರಿ’ ಇವುಗಳ ಹೊರತಾಗಿ ಬೇರೆ ಹೆಸರೇನಾದರೂ ಬಳಕೆಯಲ್ಲಿದ್ದುದನ್ನು ಕಂಡವರಿದ್ದರೆ, ದಯವಿಟ್ಟು ಆ ವಾಕ್ಯವನ್ನು ಹಾಗೆಯೇ ಇಲ್ಲಿ ಉದ್ಧರಿಸಬೇಕೆಂದು ಕೋರುತ್ತೇನೆ.